ನಿಂತು ನಿದ್ರಿಸುವವನು ಬೀಳುವುದಿಲ್ಲವೇಕೆ? ರೆಮ್ ನಿದ್ರೆ ಮತ್ತು ಮಿದುಳುಕಾಂಡದ ನರಕೋಶಗಳು

ವಿರಾರಿನಿಂದ ಚರ್ಚ್‌ಗೇಟಿಗೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ಮೇಲಿನ ಹಿಡಿಕೆಗೆ ಒಂದು ಕೈ ಕೊಟ್ಟು, ನಿಂತಲ್ಲೇ ಕಣ್ಣು ಮುಚ್ಚಿ ತೂಕಡಿಸುವವರನ್ನು ಮುಂಬಯಿಯಲ್ಲಿ ಬಾಳಿದ ಯಾರೂ ಕಾಣದೆ ಇರಲಾರರು. ತಲೆ ಎದೆಯತ್ತ ಬಾಗುತ್ತದೆ, ಮೊಣಕಾಲು ಕ್ಷಣಕಾಲ ಸಡಿಲವಾಗುತ್ತದೆ, ಅಷ್ಟರಲ್ಲಿ ಮೈ ಸಾವರಿಸಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಅದೂ ನಿಜವಾದ ನಿದ್ರೆಯೇ, ಆದರೆ ನಿದ್ರೆಯ ಒಂದು ಬಗೆ ಮಾತ್ರ. ಇನ್ನೊಂದು ಬಗೆಯನ್ನು, ಅಂದರೆ ಕಣ್ಣುಗುಡ್ಡೆಗಳು ರೆಪ್ಪೆಯಡಿಯಲ್ಲಿ ಸರಸರನೆ ಹೊರಳಾಡುವ ರೆಮ್ ನಿದ್ರೆಯನ್ನು, ನಿಂತುಕೊಂಡು ಮಾಡಲು ಬರುವುದಿಲ್ಲ. ಅದು ಆರಂಭವಾದೊಡನೆ ಕತ್ತು, ಬೆನ್ನು, ತೊಡೆಗಳ ಸ್ನಾಯುಗಳು ಬಿಗುವು ಕಳೆದುಕೊಂಡು ಮೈ ಖಾಲಿ ಚೀಲದಂತೆ ಕುಸಿಯುತ್ತದೆ. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಕುದುರೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕುದುರೆ ನಿಂತೇ ನಿದ್ರಿಸುತ್ತದೆಂಬ ಮಾತು ಅರ್ಧ ಸತ್ಯ: ರೆಮ್ ನಿದ್ರೆ ಬೇಕೆಂದಾಗ ಅದೂ ನೆಲದ ಮೇಲೆ ಮಲಗಲೇಬೇಕು.

ಈ ಬಿಗುವನ್ನು ಕಳೆಯುವವು ಮಿದುಳುಕಾಂಡದ ಕೆಲವು ಸಣ್ಣ ನರಕೋಶಗುಂಪುಗಳು. ದೊಡ್ಡ ಮಿದುಳಿಗೂ ಬೆನ್ನುಹುರಿಗೂ ನಡುವೆ ಇರುವ ಈ ಕಾಂಡ ಗಾತ್ರದಲ್ಲಿ ಹೆಬ್ಬೆರಳಿನಷ್ಟಿದ್ದರೂ ಉಸಿರು, ನಾಡಿ, ನುಂಗುವಿಕೆ, ಎಚ್ಚರ ಎಲ್ಲವೂ ಅದರ ಉಸ್ತುವಾರಿಯಲ್ಲಿವೆ. ರೆಮ್ ನಿದ್ರೆಯ ಮಟ್ಟಿಗೆ ಮುಖ್ಯವಾದವು ಅದರ ನಡುಭಾಗವಾದ ಪಾನ್ಸ್ ಮತ್ತು ಕೆಳಭಾಗವಾದ ಮೆಡುಲ್ಲಾ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಈ ಗುಂಪುಗಳ ಬಗ್ಗೆ ಹೊಸ ತಿಳಿವಳಿಕೆ ಒಂದರ ಹಿಂದೊಂದು ಬರುತ್ತಿದೆ, ಬಂದಾಗಲೆಲ್ಲ ‘ಕನಸಿನ ಸ್ವಿಚ್ ಪತ್ತೆ’ ಎಂಬ ಧಾಟಿಯ ತಲೆಬರಹವೂ ಬರುತ್ತಿದೆ. ಈ ತಲೆಬರಹದ ಎರಡು ಪದಗಳೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಈ ನರಕೋಶಗಳು ಉಂಟುಮಾಡುವುದು ದೇಹದ ಒಂದು ಸ್ಥಿತಿಯನ್ನು. ಕನಸು ಆ ಸ್ಥಿತಿಯಲ್ಲಿ ಹುಲುಸಾಗಿ ಬೆಳೆಯುತ್ತದೆಯಾದರೂ ಎರಡೂ ಒಂದೇ ಅಲ್ಲ. ಇನ್ನು ಸ್ವಿಚ್ಚಿನ ಮಾತು: ಒಂದೇ ಗುಂಡಿ ಎಲ್ಲಿಯೂ ಸಿಕ್ಕಿಲ್ಲ.

ರೆಮ್ ನಿದ್ರೆ ಬೆಳಕಿಗೆ ಬಂದದ್ದು 1953ರಲ್ಲಿ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನಥಾನಿಯಲ್ ಕ್ಲೈಟ್‌ಮನ್ ಅವರ ವಿದ್ಯಾರ್ಥಿಯಾಗಿದ್ದ ಯೂಜೀನ್ ಅಸೆರಿನ್ಸ್ಕಿ, ತನ್ನ ಎಂಟು ವರ್ಷದ ಮಗನ ಕಣ್ಣಿನ ಸುತ್ತ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ದಾಖಲಿಸುತ್ತಿದ್ದಾಗ, ನಿದ್ರೆಯ ನಡುವೆ ಕಣ್ಣುಗಳು ಎಚ್ಚರವಿದ್ದವರ ಕಣ್ಣುಗಳಂತೆ ಚಲಿಸುವುದನ್ನು ಗಮನಿಸಿದ. ನಾಲ್ಕು ವರ್ಷಗಳ ಬಳಿಕ ವಿಲಿಯಂ ಡೆಮೆಂಟ್ ಮತ್ತು ಕ್ಲೈಟ್‌ಮನ್, ಈ ಹೊತ್ತಿನಲ್ಲಿ ಎಬ್ಬಿಸಿದವರಲ್ಲಿ ಹೆಚ್ಚಿನವರು ಕನಸನ್ನು ವಿವರವಾಗಿ ಹೇಳುತ್ತಾರೆಂದು ತೋರಿಸಿದರು. ರೆಮ್ ಎಂದರೆ ಕನಸು ಎಂಬ ಸಮೀಕರಣ ಜನರ ಮನಸ್ಸಿನಲ್ಲಿ ಬೇರೂರಿದ್ದು ಆಗಿನಿಂದ.

ಆ ಸಮೀಕರಣವನ್ನು ಸಡಿಲಿಸಬೇಕಾದ ಪುರಾವೆಯೂ ಬಹುಬೇಗನೆ ಸಿಕ್ಕಿತ್ತು. ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಝುವೆ ಬೆಕ್ಕುಗಳನ್ನು ಅಧ್ಯಯನ ಮಾಡುತ್ತಿದ್ದರು. ಬೆಕ್ಕಿನ ಮಿದುಳಿನ ಅಲೆಗಳು ಎಚ್ಚರದಲ್ಲಿರುವಂತೆ ಚುರುಕಾಗಿದ್ದರೂ ಕತ್ತಿನ ಸ್ನಾಯುವಿನ ವಿದ್ಯುತ್ ದಾಖಲೆ ಸಪಾಟಾದ ಗೆರೆಯಾಗುವುದನ್ನು 1959ರಲ್ಲಿ ಕಂಡು, ಈ ವೈರುಧ್ಯಕ್ಕೆ ಒಪ್ಪುವಂತೆ ಅವರು ಇದನ್ನು ‘ವಿರೋಧಾಭಾಸದ ನಿದ್ರೆ’ ಎಂದು ಕರೆದರು. ಮುಂದೆ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: ಇದನ್ನು ನಡೆಸಲು ಮಿದುಳಿನ ಎಷ್ಟು ಭಾಗ ಸಾಕು? ಪಾನ್ಸ್‌ನ ಮುಂದಕ್ಕೆ ಮಿದುಳನ್ನು ಅಡ್ಡವಾಗಿ ಕತ್ತರಿಸಿ ಮೇಲಿನ ಭಾಗದ ಸಂಪರ್ಕ ತಪ್ಪಿಸಿದಾಗಲೂ, ಕೆಳಗುಳಿದ ಭಾಗದಲ್ಲಿ ಸ್ನಾಯುಗಳು ನಿಯತವಾಗಿ ಸಡಿಲಗೊಂಡು ಕಣ್ಣುಗಳು ಚಲಿಸುತ್ತಲೇ ಇದ್ದವು. ಯೋಚಿಸುವ, ನೆನೆಯುವ, ಚಿತ್ರ ಕಟ್ಟುವ ದೊಡ್ಡ ಮಿದುಳಿನ ಸಹಾಯವಿಲ್ಲದೆಯೇ ರೆಮ್ ನಿದ್ರೆಯ ದೈಹಿಕ ಚಕ್ರ ಉರುಳುತ್ತಿತ್ತು. ಆ ಬೆಕ್ಕು ಕನಸು ಕಾಣುತ್ತಿತ್ತೆಂದು ಹೇಳಲು ಯಾರಿಗೂ ಧೈರ್ಯ ಸಾಲದು. ಇನ್ನೊಂದು ದಿಕ್ಕಿನ ಸಾಕ್ಷ್ಯವೂ ಇದೆ. ಮುಂಮಿದುಳಿನ ಕೆಲವು ಜಾಗಗಳಿಗೆ ಪೆಟ್ಟಾದ ರೋಗಿಗಳು, ರೆಮ್ ನಿದ್ರೆ ಉಳಿದುಕೊಂಡಿದ್ದರೂ ಕನಸು ಬೀಳುವುದು ನಿಂತಿದೆಯೆಂದು ಹೇಳುತ್ತಾರೆ. ರೆಮ್ ಅಲ್ಲದ ನಿದ್ರೆಯಿಂದ ಎಬ್ಬಿಸಿದವರೂ ಎಷ್ಟೋ ಸಲ ಕನಸನ್ನು ವರದಿ ಮಾಡುತ್ತಾರೆ.

ಝುವೆಯವರ ಎರಡನೆಯ ಪ್ರಯೋಗ ಇನ್ನೂ ಮಹತ್ವದ್ದು, ಈ ಲೇಖನದ ಉಳಿದ ಭಾಗವೆಲ್ಲ ಅದರ ಬೆನ್ನಿಗೇ ನಿಂತಿದೆ. 1965ರಲ್ಲಿ ಅವರು ಮತ್ತು ಡೆಲೋರ್ಮ್ ಪಾನ್ಸ್‌ನ ಮೇಲ್ಭಾಗದ ಚಿಕ್ಕ ಜಾಗವೊಂದನ್ನು ನಾಶಮಾಡಿದರು. ಬೆಕ್ಕುಗಳಿಗೆ ರೆಮ್ ನಿದ್ರೆ ಬರುತ್ತಿತ್ತು, ಸ್ನಾಯುಗಳು ಮಾತ್ರ ಸಡಿಲವಾಗುತ್ತಿರಲಿಲ್ಲ. ನಿದ್ರೆಯಲ್ಲೇ ಅವು ತಲೆ ಎತ್ತಿದವು, ಇಲ್ಲದ ಬೇಟೆಯ ಮೇಲೆ ಎರಗಿದವು, ಕೋಪದಿಂದ ಪಂಜ ಬೀಸಿದವು. ಎದುರಿಗೆ ಏನನ್ನು ಇಟ್ಟರೂ ಅದರ ಕಡೆ ಲಕ್ಷ್ಯ ಕೊಡಲಿಲ್ಲ. ರೆಮ್ ನಿದ್ರೆಯನ್ನು ತರುವುದೂ ಆ ಹೊತ್ತಿನಲ್ಲಿ ಮೈಯನ್ನು ಹಿಡಿದಿಡುವುದೂ ಬೇರೆ ಬೇರೆ ಕೆಲಸಗಳೆಂದು, ಒಂದು ಕೆಟ್ಟರೂ ಇನ್ನೊಂದು ಉಳಿಯಬಲ್ಲದೆಂದು ಇದರಿಂದ ತಿಳಿಯಿತು.

ಇಲ್ಲೊಂದು ಸಣ್ಣ ಅಡ್ಡಮಾತು. ಈ ವಿಷಯವನ್ನು ನಮ್ಮವರ ನಡುವೆ ಎತ್ತಿದರೆ ಜಾಗ್ರತ್, ಸ್ವಪ್ನ, ಸುಷುಪ್ತಿಗಳ ಮಾತು ಬಾರದೆ ಇರುವುದಿಲ್ಲ. ಆ ವಿಂಗಡಣೆಯ ಗಾಂಭೀರ್ಯದ ಬಗ್ಗೆ ನನಗೆ ಗೌರವವಿದೆ, ಆದರೆ ಅದು ಅನುಭವಿಸುವವನ ಒಳಗಿನಿಂದ ಮಾಡಿದ ವಿಂಗಡಣೆ. ಕತ್ತಿನ ಸ್ನಾಯುವಿನ ಗೆರೆ ಸಪಾಟಾಯಿತೇ ಎಂಬುದು ಹೊರಗಿನಿಂದ ಅಳೆದ ಸಂಗತಿ. ಇವೆರಡನ್ನೂ ಒಂದರ ಮೇಲೊಂದು ಹೊಂದಿಸಲು ಹೊರಟರೆ ಎರಡಕ್ಕೂ ನಷ್ಟ.

ಯಾವ ನರಕೋಶಗಳು ಎಂಬ ಪ್ರಶ್ನೆಗೆ ಮೊದಲ ಸ್ಪಷ್ಟ ಮಾದರಿ ಕೊಟ್ಟವರು ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕ್‌ಕಾರ್ಲಿ, 1975ರಲ್ಲಿ. ಪಾನ್ಸ್‌ನಲ್ಲಿರುವ ಲೋಕಸ್ ಸೆರೂಲಿಯಸ್ ಎಂಬ ನೀಲಿ ಛಾಯೆಯ ಪುಟ್ಟ ತಾಣದ ನರಕೋಶಗಳು ಸಂದೇಶ ಒಯ್ಯುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಎಚ್ಚರದಲ್ಲಿ ಅವು ಚುರುಕು, ಸಾಮಾನ್ಯ ನಿದ್ರೆಯಲ್ಲಿ ಮಂದ, ರೆಮ್ ನಿದ್ರೆಯಲ್ಲಿ ಬಹುತೇಕ ಮೌನ. ಸೆರೊಟೊನಿನ್ ಸ್ರವಿಸುವ ನರಕೋಶಗಳ ವರ್ತನೆಯೂ ಹೀಗೆಯೇ. ಇವು ಮೌನವಾದಾಗ ಅಸಿಟೈಲ್‌ಕೊಲಿನ್‌ನ ನರಕೋಶಗಳು ತಲೆಯೆತ್ತಿ ರೆಮ್ ನಿದ್ರೆಯನ್ನು ತರುತ್ತವೆ, ಬಳಿಕ ಅವೇ ತಮ್ಮ ವಿರೋಧಿಗಳನ್ನು ಎಬ್ಬಿಸಿ ನಿದ್ರೆಯನ್ನು ಮುಗಿಸುತ್ತವೆ ಎಂಬುದು ಆ ಮಾದರಿಯ ಸಾರ. ಅಸಿಟೈಲ್‌ಕೊಲಿನ್‌ನಂತೆ ವರ್ತಿಸುವ ಕಾರ್ಬಕಾಲ್ ಎಂಬ ರಾಸಾಯನಿಕದ ಹನಿಯನ್ನು ಬೆಕ್ಕಿನ ಪಾನ್ಸ್‌ಗೆ ಬಿಟ್ಟರೆ ರೆಮ್ ನಿದ್ರೆಯನ್ನೇ ಹೋಲುವ ಸ್ಥಿತಿ ಉಂಟಾಗುತ್ತಿದ್ದುದು ಇದಕ್ಕೆ ಬಲ ಕೊಟ್ಟಿತ್ತು. ನಮ್ಮ ದೇಶದಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬೀರೇಂದ್ರನಾಥ ಮಲ್ಲಿಕ್ ಮತ್ತು ಸಂಗಡಿಗರು ಇದೇ ಎಳೆಯನ್ನು ದಶಕಗಳ ಕಾಲ ಹಿಡಿದು ಹೋದರು. ಲೋಕಸ್ ಸೆರೂಲಿಯಸ್ ಮೌನವಾಗದಂತೆ ಸೌಮ್ಯ ವಿದ್ಯುತ್ತಿನಿಂದ ಕೆಣಕುತ್ತಿದ್ದರೆ ಇಲಿಗಳ ರೆಮ್ ನಿದ್ರೆ ಕಡಿಮೆಯಾಗುತ್ತದೆಂದು ಅವರು ತೋರಿಸಿದರು.

ಮಾದರಿ ಸೊಗಸಾಗಿತ್ತು, ಪೂರ್ತಿ ನಿಲ್ಲಲಿಲ್ಲ. ಇಲಿಗಳಲ್ಲಿ ಕಾರ್ಬಕಾಲ್‌ನ ಪರಿಣಾಮ ಬೆಕ್ಕಿನಷ್ಟು ಖಚಿತವಾಗಿರಲಿಲ್ಲ. 2006ರಲ್ಲಿ ಜುನ್ ಲು, ಕ್ಲಿಫರ್ಡ್ ಸೇಪರ್ ಮತ್ತಿತರರು ಪಾನ್ಸ್‌ನ ಸಬ್‌ಲ್ಯಾಟರೊಡಾರ್ಸಲ್ ಎಂಬ ಜಾಗದ ಮೇಲೆ ಬೆಳಕು ಚೆಲ್ಲಿದರು. ಝುವೆ ನಾಶಮಾಡಿದ ಜಾಗಕ್ಕೆ ಇಲಿಯ ಮಿದುಳಿನಲ್ಲಿ ಸಮನಾದದ್ದು ಹೆಚ್ಚುಕಡಿಮೆ ಇದೇ. ಅದರ ಕೆಲವು ನರಕೋಶಗಳು ಗ್ಯಾಬಾ ಎಂಬ ತಡೆಯೊಡ್ಡುವ ರಾಸಾಯನಿಕದ ಮೂಲಕ ರೆಮ್ ನಿದ್ರೆಯ ವಿರೋಧಿ ಗುಂಪನ್ನು ಅದುಮುತ್ತವೆ, ಆ ಗುಂಪು ಅದೇ ರಾಸಾಯನಿಕದಿಂದ ಇವನ್ನು ಅದುಮುತ್ತದೆ. ಮುಂಬಯಿಯವರಿಗೆ ಇದನ್ನು ರೈಲು ಹಳಿಯ ಪಾಯಿಂಟಿನ ಮೂಲಕ ವಿವರಿಸುವುದು ಸುಲಭ. ಪಾಯಿಂಟು ಸ್ಲೋ ಲೈನಿನ ಕಡೆಗಿರಬೇಕು, ಇಲ್ಲವೇ ಫಾಸ್ಟ್ ಲೈನಿನ ಕಡೆಗಿರಬೇಕು. ನಡುವೆ ನಿಂತಿತೆಂದರೆ ಗಾಡಿ ಹಳಿ ತಪ್ಪುತ್ತದೆ. ಪರಸ್ಪರ ಅದುಮುವ ಎರಡು ಗುಂಪುಗಳೂ ಹಾಗೆಯೇ: ಒಂದು ಸ್ವಲ್ಪ ಮೇಲಾದರೆ ಇನ್ನೊಂದು ಇನ್ನಷ್ಟು ಕುಗ್ಗುತ್ತದೆ, ಆದ್ದರಿಂದ ಬದಲಾವಣೆ ಥಟ್ಟನೆ ಆಗುತ್ತದೆ, ಆದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಆದರೆ ಪಾಯಿಂಟನ್ನು ಎಳೆಯುವ ಕ್ಯಾಬಿನ್ ಎಲ್ಲಿದೆ? ಇಲ್ಲಿ ಚಿತ್ರ ಜಟಿಲವಾಗುತ್ತದೆ. ಚಾಕುವಿನಿಂದ ಕತ್ತರಿಸಿದರೆ ಆ ಜಾಗದ ಮೂಲಕ ಹಾದುಹೋಗುವ ಎಲ್ಲ ತಂತುಗಳೂ ತುಂಡಾಗುತ್ತವೆ, ಹಾಗಾಗಿ ಹಳೆಯ ಪ್ರಯೋಗಗಳು ಬೀದಿಯನ್ನು ತೋರಿಸಬಲ್ಲವೇ ಹೊರತು ಮನೆಯ ಸಂಖ್ಯೆಯನ್ನಲ್ಲ. ಬೆಳಕಿಗೆ ಸ್ಪಂದಿಸುವ ಪ್ರೋಟೀನನ್ನು ಆಯ್ದ ಬಗೆಯ ನರಕೋಶದಲ್ಲಷ್ಟೇ ಇರಿಸಿ, ಅದನ್ನು ಬೆಳಕಿನಿಂದ ಹಚ್ಚುವ ಆಪ್ಟೊಜೆನೆಟಿಕ್ಸ್ ತಂತ್ರ ಬಂದ ಮೇಲೆ ಮನೆ ಮನೆ ತಟ್ಟುವುದು ಸಾಧ್ಯವಾಯಿತು. 2015ರಲ್ಲಿ ಬರ್ಕ್ಲಿಯ ಯಾಂಗ್ ಡಾನ್ ಅವರ ಪ್ರಯೋಗಾಲಯ, ಮೆಡುಲ್ಲಾದ ಹೊಟ್ಟೆಭಾಗದ ಗ್ಯಾಬಾ ನರಕೋಶಗಳನ್ನು ಹಚ್ಚಿದರೆ ಸಾಮಾನ್ಯ ನಿದ್ರೆಯಲ್ಲಿರುವ ಇಲಿ ರೆಮ್ ನಿದ್ರೆಗೆ ಜಾರುತ್ತದೆಂದು ವರದಿ ಮಾಡಿತು. ಅದೇ ವರ್ಷ ಇನ್ನೊಂದು ತಂಡ ಪಾನ್ಸ್‌ನ ಅಸಿಟೈಲ್‌ಕೊಲಿನ್ ನರಕೋಶಗಳನ್ನು ಹಚ್ಚಿದಾಗ ರೆಮ್ ನಿದ್ರೆಯ ಸರದಿಗಳ ಸಂಖ್ಯೆ ಹೆಚ್ಚುವುದನ್ನು ಕಂಡು, ಹಾಬ್ಸನ್‌ರ ಪಾತ್ರಧಾರಿಗಳಿಗೆ ಅರ್ಧ ಗೌರವವನ್ನು ಮರಳಿಸಿತು. 2022ರಲ್ಲಿ ಜಪಾನಿನ ಸಂಶೋಧಕರು, ಮಿದುಳುಕಾಂಡಕ್ಕೆ ಬಲು ದೂರದ, ಭಾವನೆಗಳನ್ನು ನಿಭಾಯಿಸುವ ಅಮಿಗ್ಡಲಾ ಎಂಬ ಭಾಗದಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕ ಕ್ಷಣಕಾಲ ಏರಿದಾಗ ಇಲಿಗಳಲ್ಲಿ ರೆಮ್ ನಿದ್ರೆ ಆರಂಭವಾಗುತ್ತದೆಂದು ತೋರಿಸಿದರು. ಹೈಪೊಥಲಾಮಸ್‌ನ ಕೆಲವು ನರಕೋಶಗಳೂ ಈ ಸಾಲಿನಲ್ಲಿವೆ.

2024ರಲ್ಲಿ ಯು ಹಯಾಶಿ ಅವರ ಜಪಾನಿ ತಂಡದ ವರದಿ ನನಗೆ ಇವೆಲ್ಲಕ್ಕಿಂತ ಹೆಚ್ಚು ತೂಕದ್ದೆನಿಸುತ್ತದೆ. ಪಾನ್ಸ್‌ನ ಅದೇ ಹಳೆಯ ಜಾಗದಲ್ಲಿ, ಒಂದು ನಿರ್ದಿಷ್ಟ ಪ್ರೋಟೀನಿನಿಂದ ಗುರುತಿಸಬಹುದಾದ ನರಕೋಶಗಳು ಮೆಡುಲ್ಲಾದ ಇನ್ನೊಂದು ಗುಂಪಿಗೆ ಸಂದೇಶ ಕಳಿಸುತ್ತವೆ, ಆ ಗುಂಪು ಮರಳಿ ಪಾನ್ಸ್‌ಗೆ ಕಳಿಸುತ್ತದೆ. ಎರಡೂ ರೆಮ್ ನಿದ್ರೆಯನ್ನು ಹೆಚ್ಚಿಸುತ್ತವೆ. 2006ರ ಮಾದರಿ ವಿರೋಧಿಗಳ ಜಗ್ಗಾಟವನ್ನು ಕಂಡರೆ ಇದು ಪರಸ್ಪರ ಹುರಿದುಂಬಿಸುವ ವರ್ತುಲವನ್ನು ಕಂಡಿದೆ. ಇವು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ: ಬದಲಾವಣೆ ಥಟ್ಟನೆ ಆಗಲು ಜಗ್ಗಾಟ ಬೇಕು, ಆದದ್ದು ಕೆಲವು ನಿಮಿಷ ಉಳಿಯಲು ಹುರಿದುಂಬಿಸುವಿಕೆಯೂ ಬೇಕಾದೀತು. ಇದೇ ತಂಡ ಇಲಿಯಿಂದ ಮನುಷ್ಯನ ಕಡೆಗೂ ಒಂದು ಹೆಜ್ಜೆ ಇಟ್ಟಿತು; ಅದಕ್ಕೆ ಮುಂದೆ ಬರುತ್ತೇನೆ.

ರೆಮ್ ನಿದ್ರೆಯ ಪ್ರಮಾಣವನ್ನು ಗಡಿಯಾರವೂ ಹಿಂದಿನ ಬಾಕಿಯೂ ನಿರ್ಧರಿಸುತ್ತವೆ. ವಯಸ್ಕರ ರಾತ್ರಿಯಲ್ಲಿ ಅದರ ಪಾಲು ಶೇಕಡಾ 20ರಿಂದ 25, ನವಜಾತ ಶಿಶುವಿನ ನಿದ್ರೆಯಲ್ಲಿ ಸುಮಾರು ಅರ್ಧ. ದೊಡ್ಡವರಲ್ಲಿ ಅದರ ದೊಡ್ಡ ಭಾಗ ರಾತ್ರಿಯ ಕೊನೆಯ ಜಾವಕ್ಕೆ ಮೀಸಲು. ಹೀಗಾಗಿ ಮಾಟುಂಗಾದಲ್ಲೋ ಸಯನ್‌ನಲ್ಲೋ ಹೋಟೆಲಿನ ಬಾಗಿಲು ಹಾಕಿ ನಡುರಾತ್ರಿಗೆ ಮಲಗಿ, ಇಡ್ಲಿಯ ಹಬೆ ಏರಿಸಲು ನಾಲ್ಕು ಗಂಟೆಗೆ ಏಳುವ ಕೆಲಸಗಾರ ಕಳೆದುಕೊಳ್ಳುವುದು ನಿದ್ರೆಯ ಸಮಪಾಲನ್ನಲ್ಲ. ರೆಮ್ ನಿದ್ರೆಯೇ ಹೆಚ್ಚು ಖೋತಾ ಆಗುತ್ತದೆ. ಬಿಡುವು ಸಿಕ್ಕ ದಿನ ಅದು ಬಾಕಿ ವಸೂಲಿಗೆ ಬರುತ್ತದೆ. ಸಂಜೆ ಹೋಟೆಲು, ಬಳಿಕ ರಾತ್ರಿ ಶಾಲೆ, ಬೆಳಗ್ಗೆ ಮತ್ತೆ ಹೋಟೆಲು ಎಂದು ಬೆಳೆದ ಮುಂಬಯಿ ಕನ್ನಡಿಗರ ಒಂದು ತಲೆಮಾರಿಗೆ ಈ ಲೆಕ್ಕ ಮೈಯಲ್ಲೇ ಗೊತ್ತು.

ಎಲ್ಲ ಪ್ರಾಣಿಗಳಿಗೂ ಈ ಬಾಕಿ ಇದೆಯೇ? ಪ್ಲ್ಯಾಟಿಪಸ್ ದಿನಕ್ಕೆ ಎಂಟು ಗಂಟೆಗೂ ಹೆಚ್ಚು ರೆಮ್ ನಿದ್ರೆ ಮಾಡುತ್ತದೆ. ಮುಂಬಯಿ, ಗೋವಾಗಳ ಕಡಲಂಚಿನಲ್ಲಿ ಬೆನ್ನು ತೋರಿಸಿ ಹೋಗುವ ಡಾಲ್ಫಿನ್‌ಗಳ ಕುಲದಲ್ಲಿ ಸ್ಪಷ್ಟ ರೆಮ್ ನಿದ್ರೆ ಕಂಡುಬಂದಿಲ್ಲ. ಅವು ಮಿದುಳಿನ ಒಂದೊಂದು ಪಕ್ಕವನ್ನು ಸರದಿಯಂತೆ ಮಲಗಿಸುತ್ತ ಈಜುತ್ತಲೇ ಇರುತ್ತವೆ. ಫರ್ ಸೀಲ್ ನೀರಿನಲ್ಲಿ ವಾರಗಟ್ಟಲೆ ಇದ್ದಾಗ ರೆಮ್ ನಿದ್ರೆಯನ್ನು ಬಹುಪಾಲು ಬಿಟ್ಟುಬಿಡುತ್ತದೆ, ದಡಕ್ಕೆ ಬಂದ ಮೇಲೆ ಬಾಕಿಯನ್ನು ತೀರಿಸುವುದೂ ಇಲ್ಲ. ಮೈಯೆಲ್ಲ ಸಡಿಲವಾಗುವ ಸ್ಥಿತಿ ನಡುಗಡಲಲ್ಲಿ ಅಪಾಯವೆಂಬುದು ಸಹಜ ಊಹೆ. ಇಲಿಯಲ್ಲಿ ಕಂಡದ್ದನ್ನು ಸಸ್ತನಿಗಳೆಲ್ಲದರ ನಿಯಮವೆನ್ನುವ ಮೊದಲು ಈ ಸೀಲ್ ನೆನಪಿರಬೇಕು.

ಈಗ ಮನುಷ್ಯರ ವಿಷಯ. 1986ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್ ಐವರು ಹಿರಿಯ ರೋಗಿಗಳನ್ನು ವರ್ಣಿಸಿದರು. ನಿದ್ರೆಯಲ್ಲಿ ಅವರು ಒದೆಯುತ್ತಿದ್ದರು, ಗುದ್ದುತ್ತಿದ್ದರು, ಹಾಸಿಗೆಯಿಂದ ಹಾರುತ್ತಿದ್ದರು. ಎಬ್ಬಿಸಿದರೆ ಯಾರೋ ಅಟ್ಟಿಸಿಕೊಂಡು ಬಂದ ಕನಸನ್ನು ಹೇಳುತ್ತಿದ್ದರು. ಝುವೆಯವರ ಬೆಕ್ಕು 21 ವರ್ಷಗಳ ನಂತರ ಮನುಷ್ಯರೂಪದಲ್ಲಿ ಆಸ್ಪತ್ರೆಗೆ ಬಂದಿತ್ತು. ರೆಮ್ ನಿದ್ರೆಯ ವರ್ತನಾ ದೋಷ ಎಂದು ಇದಕ್ಕೆ ಹೆಸರಾಯಿತು. ಲಿಯೋನ್‌ನಲ್ಲೇ ಪಿಯೆರ್-ಎರ್ವೆ ಲುಪ್ಪಿ ಅವರ ತಂಡ 2017ರಲ್ಲಿ ಇಲಿಗಳ ಪಾನ್ಸ್‌ನ ಆ ಜಾಗದ, ಗ್ಲುಟಮೇಟ್ ಎಂಬ ಉತ್ತೇಜಕ ರಾಸಾಯನಿಕ ಸ್ರವಿಸುವ ನರಕೋಶಗಳನ್ನು ಜೀನ್ ತಂತ್ರದಿಂದ ಬಾಯಿ ಮುಚ್ಚಿಸಿ ಇದೇ ವರ್ತನೆಯನ್ನು ಕಂಡಿತು. ಮರುವರ್ಷ, ಬೆನ್ನುಹುರಿಯ ಚಲನಾ ನರಕೋಶಗಳನ್ನು ತಡೆಯುವ ಮೆಡುಲ್ಲಾದ ಗುಂಪನ್ನು ನಿಷ್ಕ್ರಿಯಗೊಳಿಸಿದಾಗಲೂ ಅದನ್ನೇ ಕಂಡಿತು. ಪಾನ್ಸ್ ಆಜ್ಞೆ ಕೊಡುತ್ತದೆ, ಮೆಡುಲ್ಲಾ ಅದನ್ನು ಗ್ಯಾಬಾ ಮತ್ತು ಅದರಂತೆಯೇ ತಡೆಯೊಡ್ಡುವ ಗ್ಲೈಸಿನ್ ಮೂಲಕ ಜಾರಿಮಾಡುತ್ತದೆ, ಸ್ನಾಯು ಸಡಿಲವಾಗುತ್ತದೆ. ಈ ಸರಪಳಿಯ ಎಲ್ಲಿ ಕೊಂಡಿ ಕಳಚಿದರೂ ಮೈ ಕನಸಿನ ಹಿಂದೆ ಓಡುತ್ತದೆ. ಇದರ ತಲೆಕೆಳಗಾದ ರೂಪ ಹಲವರಿಗೆ ಅನುಭವವಿದೆ: ಎಚ್ಚರವಾದರೂ ಸಡಿಲಿಕೆ ಬಿಡದೆ, ಎದೆಯ ಮೇಲೆ ಯಾರೋ ಕೂತಂತಾಗಿ, ಕೂಗಲು ಹೋದರೆ ದನಿಯೇ ಹೊರಡದು. ಅದು ಬಹುಪಾಲು ನಿರುಪದ್ರವಿ.

ವರ್ತನಾ ದೋಷವನ್ನು ಹಾಗೆನ್ನಲು ಬಾರದು. ಮಿದುಳುಕಾಂಡದ ಈ ನರಕೋಶಗಳು ಸಾಯುತ್ತಿರುವುದರ ಮೊದಲ ಸುಳಿವು ಅದಾಗಿರಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟುತ್ತದೆ. 2003ರಲ್ಲಿ ಹೈಕೊ ಬ್ರಾಕ್ ಮುಂದಿಟ್ಟ ವಾದದ ಪ್ರಕಾರ ಹಲವರಲ್ಲಿ ಅದು ಮಿದುಳುಕಾಂಡದ ಕೆಳಗಿನಿಂದ ಮೇಲೇರುತ್ತದೆ, ಕೈನಡುಕಕ್ಕೆ ಕಾರಣವಾಗುವ ಭಾಗವನ್ನು ಮುಟ್ಟುವ ಮೊದಲೇ ನಿದ್ರೆಯ ನರಕೋಶಗಳನ್ನು ಹಾಯುತ್ತದೆ. 2024ರ ಜಪಾನಿ ವರದಿ ಇದಕ್ಕೆ ಕೋಶಮಟ್ಟದ ಸಾಕ್ಷ್ಯವನ್ನು ಸೇರಿಸಿತು: ಇಲಿಯಲ್ಲಿ ಗುರುತಿಸಿದ ಪಾನ್ಸ್‌ನ ಆ ನರಕೋಶಗಳೇ ರೆಮ್ ನಿದ್ರೆ ಕೆಟ್ಟಿದ್ದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಹಾನಿಗೊಂಡಿದ್ದವು. 24 ಕೇಂದ್ರಗಳ 1,280 ರೋಗಿಗಳನ್ನು ಅನುಸರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ತನಾ ದೋಷವಿದ್ದವರಲ್ಲಿ ವರ್ಷಕ್ಕೆ ಸುಮಾರು ಶೇಕಡಾ 6.3ರಷ್ಟು ಮಂದಿ ಪಾರ್ಕಿನ್ಸನ್, ಲೂವಿ ಬಾಡಿ ಮರೆವು ಮುಂತಾದ ಕಾಯಿಲೆಗೆ ಜಾರಿದರು. 12 ವರ್ಷಗಳ ಹೊತ್ತಿಗೆ ಅಂದಾಜು ಶೇಕಡಾ 73.5.

ಮುಂಬಯಿಗೆ ಈ ಕಾಯಿಲೆ ಅಪರಿಚಿತವಲ್ಲ. ಮಾಟುಂಗಾದ ಉಡುಪಿ ಹೋಟೆಲುಗಳಿಂದ ನಡೆದು ಹೋಗುವಷ್ಟು ಹತ್ತಿರ ದಾದರ್ ಪಾರ್ಸಿ ಕಾಲೊನಿ ಇದೆ. ಮುಂಬಯಿಯ ಪಾರ್ಸಿಗಳಲ್ಲಿ ನಡೆಸಿ 1988ರಲ್ಲಿ ಪ್ರಕಟಿಸಿದ ಸಮೀಕ್ಷೆ, ಒಂದು ಲಕ್ಷಕ್ಕೆ 328ರಷ್ಟು ಪಾರ್ಕಿನ್ಸನ್ ರೋಗಿಗಳನ್ನು ಕಂಡಿತ್ತು. ಅದು ವೃದ್ಧರೇ ಹೆಚ್ಚಿರುವ ಸಮುದಾಯವೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೇಲಿನ ಶೇಕಡಾವಾರು ಅಂಕಿ ಭಯಂಕರವಾದದ್ದರಿಂದಲೇ ಅದನ್ನು ಜೋಪಾನವಾಗಿ ಬಳಸಬೇಕು. ಅದು ನಿದ್ರಾ ಚಿಕಿತ್ಸಾಲಯಗಳಿಗೆ ಬಂದು, ರಾತ್ರಿಯಿಡೀ ಪರೀಕ್ಷೆಯಾಗಿ ರೋಗ ಖಚಿತವಾದವರ ಅಂಕಿ. ನಿದ್ರೆಯಲ್ಲಿ ಬಡಬಡಿಸುವ ಅಜ್ಜಂದಿರೆಲ್ಲರ ಅಂಕಿ ಅಲ್ಲ. ಗೊರಕೆಯೊಡನೆ ಉಸಿರು ಕಟ್ಟುವ ಕಾಯಿಲೆಯೂ ಹೀಗೇ ಕೈಕಾಲು ಬಡಿಸಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ವಿಶೇಷವಾಗಿ ಸೆರೊಟೊನಿನ್ ಹೆಚ್ಚಿಸುವವು, ಸ್ನಾಯುಗಳ ಸಡಿಲಿಕೆಯನ್ನು ಕೆಡಿಸಬಲ್ಲವು. ಕ್ಲೊನಾಜೆಪಾಮ್, ಮೆಲಟೊನಿನ್‌ಗಳಿಂದ ರಾತ್ರಿಯ ಗಲಾಟೆ ಕಡಿಮೆಯಾಗಬಹುದು, ಆದರೆ ಮೊದಲನೆಯದರಿಂದ ವೃದ್ಧರು ತೂರಾಡಿ ಬೀಳುವ ಅಪಾಯವಿದೆ. ಒಳಗಿನ ನರಕೋಶಗಳ ಸಾವನ್ನು ತಡೆಯುತ್ತದೆಂದು ಸಾಬೀತಾದ ಔಷಧ ಇನ್ನೂ ಒಂದೂ ಇಲ್ಲ. ಹಾಗಿರುವಾಗ ಅರವತ್ತು ದಾಟಿದ, ನಡಿಗೆಯಲ್ಲೂ ಮಾತಿನಲ್ಲೂ ಏನೂ ಕೊರತೆಯಿಲ್ಲದ ವ್ಯಕ್ತಿಗೆ ವೈದ್ಯರು ಎಷ್ಟು ಹೇಳಬೇಕು? ನರರೋಗ ತಜ್ಞರಲ್ಲಿ ಈ ಪ್ರಶ್ನೆ ಈಗಲೂ ಚರ್ಚೆಯಲ್ಲಿದೆ. ಕೇಳಿದವನಿಗೆ ಮುಚ್ಚಿಡಬಾರದು, ಕೇಳದವನ ಮೇಲೆ ಹೇರಲೂಬಾರದು, ಮೊದಲು ಅವನಿಗೆ ಎಷ್ಟು ತಿಳಿಯಬೇಕಿದೆಯೆಂದು ವಿಚಾರಿಸಬೇಕು ಎಂಬ ಪಕ್ಷ ನನಗೆ ಸರಿಯೆನಿಸುತ್ತದೆ. ಔಷಧ ಪ್ರಯೋಗಗಳಲ್ಲಿ ಪಾಲ್ಗೊಳ್ಳಲು ಇಂಥವರೇ ಬೇಕಾಗಿರುವುದರಿಂದ, ತಿಳಿಯುವುದರಲ್ಲಿ ಒಂದು ಪ್ರಯೋಜನವಂತೂ ಇದೆ.

ಮಣಿಕಟ್ಟಿನ ಸ್ಮಾರ್ಟ್‌ವಾಚು ಇಲ್ಲಿ ನೆರವಾಗದು. ‘ನಿನ್ನೆ ಒಂದು ಗಂಟೆ ಇಪ್ಪತ್ತು ನಿಮಿಷ ರೆಮ್’ ಎಂದು ಅದು ಹೇಳುವುದು ನಾಡಿಬಡಿತ ಮತ್ತು ಅಲುಗಾಟದಿಂದ ಮಾಡಿದ ಅಂದಾಜು. ರೆಮ್ ನಿದ್ರೆಯಲ್ಲಿ ಮೈ ಅಲುಗುವುದಿಲ್ಲವೆಂಬ ನಂಬಿಕೆಯ ಮೇಲೆ ನಿಂತ ಯಂತ್ರ, ಮೈ ಅಲುಗುವುದೇ ದೋಷವಾದವನ ವಿಷಯದಲ್ಲಿ ಎಡವುವುದು ಸಹಜ. ನಿಜವಾದ ಪರೀಕ್ಷೆಗೆ ನಿದ್ರಾ ಪ್ರಯೋಗಾಲಯದಲ್ಲಿ ಗಲ್ಲದ ಸ್ನಾಯುವಿಗೆ ಅಂಟಿಸುವ ಪುಟ್ಟ ತಂತಿಗಳು ಬೇಕು. ಝುವೆ ಬೆಕ್ಕಿನ ಕತ್ತಿನಲ್ಲಿ ಓದಿದ ಸಪಾಟು ಗೆರೆಯನ್ನೇ ಅಲ್ಲಿ ಹುಡುಕುತ್ತಾರೆ. ಅದಕ್ಕೂ ಮೊದಲು ವೈದ್ಯರಿಗೆ ಬೇಕಾದದ್ದು ಪಕ್ಕದಲ್ಲಿ ಮಲಗಿದವರ ಸಾಕ್ಷಿ, ಒಂದೇ ಖೋಲಿಯಲ್ಲಿ ಸಾಲಾಗಿ ಹಾಸಿಗೆ ಹಾಸುವ ಮುಂಬಯಿಯ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ಫೋನಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಕೂಡ ಉಪಯೋಗಕ್ಕೆ ಬರುತ್ತದೆ. ವೈದ್ಯರು ಸಾಮಾನ್ಯವಾಗಿ ಕೇಳುವುದು ಇಷ್ಟು: ಗಲಾಟೆ ನಡೆಯುವುದು ರಾತ್ರಿಯ ಮೊದಲ ಭಾಗದಲ್ಲೋ ಬೆಳಗಿನ ಜಾವದಲ್ಲೋ, ಆಗ ಕಣ್ಣು ಮುಚ್ಚಿರುತ್ತದೆಯೋ ತೆರೆದಿರುತ್ತದೆಯೋ, ಎಬ್ಬಿಸಿದರೆ ತಟ್ಟನೆ ಎಚ್ಚರವಾಗಿ ಕನಸನ್ನು ಹೇಳುತ್ತಾರೋ ಗಲಿಬಿಲಿಗೊಳ್ಳುತ್ತಾರೋ, ಇತ್ತೀಚೆಗೆ ಯಾವ ಮಾತ್ರೆ ಶುರುವಾಗಿದೆ, ಮತ್ತು ಕಾಫಿಯ ಪರಿಮಳ ಮೊದಲಿನಂತೆ ಮೂಗಿಗೆ ಸಿಗುತ್ತಿದೆಯೇ. ಕೊನೆಯ ಪ್ರಶ್ನೆಗೆ ಮನೆಯವರು ನಗುವುದುಂಟು; ಆದರೆ ವಾಸನೆ ಮಂಕಾಗುವುದೂ ಪಾರ್ಕಿನ್ಸನ್‌ನ ಕೈನಡುಕಕ್ಕೆ ವರ್ಷಗಳ ಮೊದಲೇ ಕಾಣಿಸಬಹುದಾದ ಲಕ್ಷಣ.